ಮುಸ್ತಫಾ ಒಳ್ಳೆ ಗೇಮಾ, ಇಲ್ಲ ನಮ್ಮ ನೆನಪು ಒಳ್ಳೆಯದಾ?

ಕೊಟ್ಟಾರದವ
ಭಾನುವಾರ, ರಾತ್ರಿ 9:12

ಮಳೆಗಾಲಕ್ಕೆ ಮೊದಲು ಹಂಚು ಸರಿ ಮಾಡಿಸೋಣ ಅಂತ ಕಳೆದ ತಿಂಗಳು ಅಟ್ಟ ಖಾಲಿ ಮಾಡಿದೆ. ಹಳೆ ಕೊಡೆ, ತುಕ್ಕು ಹಿಡಿದ ಹೆರೆಮಣೆ, ಅದರ ಹಿಂದೆ ಒಂದು ರಟ್ಟಿನ ಪೆಟ್ಟಿಗೆ. ತೆಗೆದು ನೋಡಿದರೆ ನನ್ನ ಟಿವಿ ಗೇಮ್! 1993ರಲ್ಲಿ ಮಾವ ದುಬೈಯಿಂದ ಬರುವಾಗ ತಂದದ್ದು. ಮೇಲೆ ಯಾವುದೋ ಹೆಸರು, ಒಳಗೆ ಜಪಾನಿನ ಫ್ಯಾಮಿಕಾಮ್ ಎಂಬ ಗೇಮ್ ಕನ್ಸೋಲಿನ ನಕಲು. ಜೊತೆಗೆ ಮೂರು ಹಳದಿ ಕ್ಯಾಸೆಟ್, ಒಂದು ಬಂದೂಕು. ಒಂದು ಕ್ಯಾಸೆಟ್ಟಿನ ಮೇಲೆ '9999999 ಇನ್ 1' ಅಂತ ಬರೆದಿದೆ. ಲೆಕ್ಕ ಹಾಕಿದರೆ ಒಳಗಿರುವ ಆಟ ಹತ್ತೋ ಹನ್ನೆರಡೋ. ಉಳಿದದ್ದೆಲ್ಲ ಅದೇ ಆಟದ ಎರಡನೇ ಸ್ಟೇಜು, ಮೂರನೇ ಸ್ಟೇಜು.

ಹಾಕಿದೆ. ಬೂದು ಪರದೆ. ಕ್ಯಾಸೆಟ್ ತೆಗೆದು ಊದಿ ಮತ್ತೆ ಹಾಕಿದೆ. ಬೂದು ಪರದೆ. ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿದೆ. ಮೂವತ್ತು ಮಳೆಗಾಲ, ಅದೂ ಕಡಲ ಗಾಳಿ. ಪಾಪ, ಅದರದ್ದೇನು ತಪ್ಪು.

ಆದರೆ ತಲೆಗೆ ಹುಳ ಹೊಕ್ಕಾಗಿತ್ತು. ಅಂಗೈಯಗಲದ ಒಂದು ರೆಟ್ರೋ ಹ್ಯಾಂಡ್‌ಹೆಲ್ಡ್ ತರಿಸಿದೆ. ದಿನಾ ರಾತ್ರಿ ಊಟ ಆದ ಮೇಲೆ ಒಂದೊಂದೇ ಹಳೆ ಆಟ. ಇಪ್ಪತ್ತು ಆಡಿದೆ. ನಾಲ್ಕು ಮಾತ್ರ ಈಗಲೂ ಹಿಡಿಸಿದವು. ಉಳಿದ ಹದಿನಾರನ್ನು ನಾನು ಯಾಕೆ ಅಷ್ಟು ಪ್ರೀತಿಸಿದೆ ಅಂತ ನನಗೇ ಗೊತ್ತಾಗಲಿಲ್ಲ.

ಮೊದಲು ಒಳ್ಳೆಯದು. ಸೂಪರ್ ಮಾರಿಯೋ ಬ್ರದರ್ಸ್, 1985. ಇಡೀ ಆಟ 40 ಕಿಲೋಬೈಟ್. ಬೆಳಿಗ್ಗೆ ಫ್ಯಾಮಿಲಿ ಗ್ರೂಪಿಗೆ ಬರುವ ಶುಭೋದಯದ ಹೂವಿನ ಚಿತ್ರ ಇದಕ್ಕಿಂತ ದೊಡ್ಡದು. ಜಾಗ ಸಾಲದೆ ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಇಟ್ಟಿದ್ದಾರೆ, ಬಣ್ಣ ಮಾತ್ರ ಬೇರೆ. ಮೂವತ್ತು ವರ್ಷ ನನ್ನ ಕಣ್ಣಿಗೆ ಅದು ಬೀಳಲೇ ಇಲ್ಲ. ಆದರೆ ಓಡಿ ನಿಲ್ಲುವಾಗ ಮಾರಿಯೋ ಸ್ವಲ್ಪ ಜಾರುವುದು, ಬಟನ್ ಒತ್ತಿ ಹಿಡಿದಷ್ಟೂ ಎತ್ತರ ಹಾರುವುದು, ಅದೆಲ್ಲ ಇವತ್ತಿಗೂ ಬೆರಳಿಗೆ ಸರಿ ಕೂರುತ್ತದೆ. ಬ್ಯಾಟಲ್ ಸಿಟಿ ಕೂಡ ಹಾಗೇ. ನಮ್ಮ ಕ್ಯಾಸೆಟ್ಟಿನಲ್ಲಿ ಅದು 'ಟ್ಯಾಂಕ್ 1990' ಅಂತ ಕಳ್ಳ ಹೆಸರಿನಲ್ಲಿ ಇತ್ತು. ಇಬ್ಬರು ಕೂತು ಆಡಿ ನೋಡಿ, ಹತ್ತು ನಿಮಿಷದಲ್ಲಿ ಜಗಳ ಗ್ಯಾರಂಟಿ. ನಾವು ಕಾಯಬೇಕಾದ ಹದ್ದಿಗೇ ಗುಂಡು ಹೊಡೆದದ್ದು ನೀನಾ ನಾನಾ ಅಂತ.

ಇನ್ನು ಕೆಟ್ಟದ್ದು. ಐಸ್ ಕ್ಲೈಂಬರ್. ಹಾರಿದರೆ ನೆಟ್ಟಗೆ ಮೇಲೆ ಹೋಗುತ್ತಾನೆ, ಪಕ್ಕಕ್ಕೆ ಸರಿಯುವುದೇ ಇಲ್ಲ. ಇದಕ್ಕೆ ನಾನು ಒಂದು ಇಡೀ ಬೇಸಿಗೆ ರಜೆ ಕೊಟ್ಟಿದ್ದೇನೆ. ಕಾಂಟ್ರಾದಲ್ಲಿ ಮೂವತ್ತು ಲೈಫಿನ ಕೋಡ್ ಹಾಕದೆ ಮೂರನೇ ಸ್ಟೇಜಿನ ಜಲಪಾತ ದಾಟಲಿಕ್ಕೆ ಆಗಲಿಲ್ಲ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ. ಹದಿನೇಳರ ಮಗ್ಗಿ ಮರೆತಿದೆ, ಇದು ಮರೆತಿಲ್ಲ. ಈ ಕೋಡ್ ಹುಟ್ಟಿದ ಕತೆಯೇ ನನ್ನ ಮಾತಿಗೆ ಸಾಕ್ಷಿ. 1986ರಲ್ಲಿ ಕೊನಾಮಿಯ ಕಜುಹಿಸಾ ಹಶಿಮೊಟೊ ಗ್ರೇಡಿಯಸ್ ಆಟವನ್ನು ಮನೆಯ ಕನ್ಸೋಲಿಗೆ ತರುತ್ತಿದ್ದರು. ಪರೀಕ್ಷೆಗೆ ಅಂತ ಆಡಿದರೆ ಅವರಿಗೇ ಮುಗಿಸಲಿಕ್ಕೆ ಆಗುತ್ತಿರಲಿಲ್ಲ. ಅದಕ್ಕೆ ಮಾಡಿಕೊಂಡ ಕಳ್ಳದಾರಿ ಅದು. ಮಾಡಿದವರಿಗೇ ಆಡಲಿಕ್ಕಾಗದ್ದನ್ನು ನಮಗೆ ಮಾರಿದರು, ಅಲ್ವಾ?

ಈಗ ಮುಸ್ತಫಾ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಆಟದ ನಿಜವಾದ ಹೆಸರು ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್. ಕ್ಯಾಪ್‌ಕಾಮ್‌ನದ್ದು, 1993. ನಾಲ್ಕು ಹೀರೋಗಳಲ್ಲಿ ಹಳದಿ ಟೋಪಿಯ ಮುಸ್ತಫಾನಿಗೇ ಬೇಡಿಕೆ ಜಾಸ್ತಿ. ಹಾಗಾಗಿ ನಮ್ಮಲ್ಲಿ ಆಟಕ್ಕೇ ಅವನ ಹೆಸರು ಬಿತ್ತು. ಬಸ್‌ಸ್ಟ್ಯಾಂಡ್ ಹತ್ತಿರದ ಪಾರ್ಲರಿನಲ್ಲಿ ಒಂದು ರೂಪಾಯಿಗೆ ಒಂದು ಆಟ. ಬನ್ಸ್ ತಿನ್ನಲಿಕ್ಕೆ ಅಂತ ಕೊಟ್ಟ ದುಡ್ಡೆಲ್ಲ ಅಲ್ಲಿಗೇ. ಎರಡೂ ಕೈಯಲ್ಲಿ ಕತ್ತಿ ಹಿಡಿದ ಆ ಕಟುಕ ಬಾಸ್‌ನನ್ನು ನಾನು ಯಾವತ್ತೂ ದಾಟಿದವನಲ್ಲ. ಈಗ ಎಷ್ಟು ಬೇಕಾದರೂ ಕಾಯಿನ್ ಹಾಕಬಹುದು. ಹಾಕಿದೆ, ಮುಗಿಸಿದೆ. ಲೆಕ್ಕ ಇಟ್ಟಿದ್ದೆ, 31 ಕಾಯಿನ್. ಆಟದ ವೇಷ ಹಾಕಿ ಕಿಸೆಗೆ ಕೈ ಹಾಕುವ ಮೆಷಿನ್ ಅದು.

ಮರುದಿನ ಶೊವೆಲ್ ನೈಟ್ ಹಾಕಿದೆ. 2014ರ ಆಟ, ನೋಡಲಿಕ್ಕೆ ಎಂಬತ್ತರ ದಶಕದ್ದು. ಅದರಲ್ಲಿ ಲೈಫ್ ಎಂಬುದೇ ಇಲ್ಲ. ಸತ್ತರೆ ಕೂಡಿಟ್ಟ ದುಡ್ಡಿನಲ್ಲಿ ಸ್ವಲ್ಪ ಸತ್ತ ಜಾಗದಲ್ಲೇ ಚೀಲಗಳಾಗಿ ತೇಲುತ್ತಿರುತ್ತದೆ. ಹೋಗಿ ತಂದುಕೊಳ್ಳಬೇಕು. ಚೆಕ್‌ಪಾಯಿಂಟನ್ನು ಬೇಕಾದರೆ ಸಲಿಕೆಯಲ್ಲಿ ಒಡೆಯಬಹುದು. ಒಡೆದರೆ ದುಡ್ಡು, ಆದರೆ ಆಮೇಲೆ ಸತ್ತರೆ ತುಂಬ ಹಿಂದಿನಿಂದ ಬರಬೇಕು. ನಾನು ಪ್ರತಿ ಸಲ ಒಡೆಯುತ್ತೇನೆ, ಪ್ರತಿ ಸಲ ನನಗೇ ಬೈದುಕೊಳ್ಳುತ್ತೇನೆ. ಆಟಕ್ಕೆ ಬೈಯಲಿಕ್ಕೆ ಆಗುವುದಿಲ್ಲ, ಆಸೆ ನನ್ನದು.

ಹಾಗಾಗಿ ನನ್ನ ವಾದ ಇಷ್ಟು. ಈಗಿನವರು ಮಾಡುತ್ತಿರುವುದು ನಾವು ಆಡಿದ ಆಟವನ್ನಲ್ಲ. ಆಡಿದ್ದೇವೆ ಅಂತ ನಮಗೆ ನೆನಪಿರುವ ಆಟವನ್ನು. ಅದು ಅಸಲಿಗಿಂತ ಎಷ್ಟೋ ಮೇಲು.

ಎಲ್ಲರೂ ಅಲ್ಲ ಮತ್ತೆ. ಪಿಕ್ಸೆಲ್ ಬಳಿದರೆ ರೆಟ್ರೋ ಆಯಿತು ಅಂದುಕೊಂಡವರೂ ಇದ್ದಾರೆ. ಹೀರೋನ ಪಿಕ್ಸೆಲ್ ಗೋಳಿಬಜೆ ಗಾತ್ರ, ಹಿಂದಿನ ಮರದ ಪಿಕ್ಸೆಲ್ ಸಾಸಿವೆ ಗಾತ್ರ. ಕತ್ತಿ ಬೀಸಿದರೆ ಅದರ ಚೌಕಗಳೂ ಓರೆಯಾಗಿ ತಿರುಗುತ್ತವೆ. ಅಂಥದ್ದು ಕಂಡರೆ ನಾನು ಅಲ್ಲೇ ಬಂದ್ ಮಾಡುತ್ತೇನೆ.

ಬೈಯುವವರು ಬೈಯಬಹುದು.

ಮಲ್ಪೆ ಬೋಟು
ಭಾನುವಾರ, ರಾತ್ರಿ 9:20

ಐಸ್ ಕ್ಲೈಂಬರ್‌ಗೆ ಬೈದದ್ದು ಸರಿಯಾಗಲಿಲ್ಲ ಮಾರಾಯ್ರೆ. ಅವ ಬೆಟ್ಟ ಹತ್ತುವವ, ಪಕ್ಕಕ್ಕೆ ಹಾರಲಿಕ್ಕೆ ಕಪ್ಪೆಯಾ?

ಪಾರ್ಲರ್ ಮನೆಯವ
ಭಾನುವಾರ, ರಾತ್ರಿ 10:05

ಯಾವ ಬಸ್‌ಸ್ಟ್ಯಾಂಡ್ ಅಂತ ಮಾತ್ರ ಹೇಳಬೇಡಿ, ನನಗೆ ಹೆದರಿಕೆ ಆಗುತ್ತದೆ. ನನ್ನ ಅಪ್ಪ 1992ರಿಂದ 2001ರವರೆಗೆ ಅಂಥದ್ದೇ ಒಂದು ಪಾರ್ಲರ್ ನಡೆಸಿದವರು. ಐದು ಮೆಷಿನ್, ಒಂದು ಫ್ಯಾನ್. ಮೇ ತಿಂಗಳ ಸೆಕೆಯಲ್ಲಿ ಹುಡುಗರ ಬೆವರಿಗೆ ಸ್ಟಿಕ್ ಜಾರುತ್ತಿತ್ತು. ಸಂಜೆ ಒದ್ದೆ ಬಟ್ಟೆಯಲ್ಲಿ ಐದೂ ಮೆಷಿನ್ ಒರೆಸುವುದು ನನ್ನ ಕೆಲಸ.

ಒಳಗಿನ ವಿಷಯ ಈಗ ಹೇಳಿದರೆ ಅಪ್ಪ ಏನೂ ಅನ್ನಲಿಕ್ಕಿಲ್ಲ. ಮೆಷಿನ್ನಿನ ಹಿಂದಿನ ಬಾಗಿಲು ತೆಗೆದರೆ ದೊಡ್ಡ ಹಸಿರು ಬೋರ್ಡ್ ಇರುತ್ತದೆ. ಅದರ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಸ್ವಿಚ್ಚುಗಳು, ಸಾಲಿಗೆ ಎಂಟು. ಡಿಪ್ ಸ್ವಿಚ್ ಅಂತ ಹೇಳುತ್ತಾರೆ. ಬೆರಳಲ್ಲಿ ಆಗುವುದಿಲ್ಲ, ಅಪ್ಪ ರೀಫಿಲ್ ತುದಿಯಲ್ಲಿ ಸರಿಸುತ್ತಿದ್ದರು. ಒಂದು ಕಾಯಿನ್ನಿಗೆ ಎಷ್ಟು ಆಟ, ಆಟಕ್ಕೆ ಎಷ್ಟು ಲೈಫ್, ಎಷ್ಟು ಪಾಯಿಂಟಿಗೆ ಬೋನಸ್ ಲೈಫ್, ಶತ್ರುಗಳು ಎಷ್ಟು ಬಲ, ಎಲ್ಲ ಅದರಲ್ಲೇ. ಯಾರೂ ಆಡದಾಗ ಮೆಷಿನ್ ಸುಮ್ನೆ ಬೊಬ್ಬೆ ಹಾಕಬೇಕಾ ಬೇಡವಾ, ಅದಕ್ಕೂ ಒಂದು ಸ್ವಿಚ್. ನಮ್ಮಲ್ಲಿ ಅದು ಯಾವಾಗಲೂ ಆಫ್, ಪಕ್ಕದಲ್ಲಿ ಡಾಕ್ಟರ ಶಾಪ್ ಇತ್ತು. ಆಮೇಲಿನ ಬೋರ್ಡುಗಳಲ್ಲಿ ಸ್ವಿಚ್ ಹೋಯಿತು, ಟೆಸ್ಟ್ ಬಟನ್ ಒತ್ತಿದರೆ ಪರದೆಯ ಮೇಲೇ ಮೆನು. ಮುಸ್ತಫಾ ಅಂಥದ್ದು.

ಈಗ ನಿಮ್ಮ 31 ಕಾಯಿನ್ ವಿಷಯ. ಶಾಲೆಗೆ ರಜೆ ಸಿಕ್ಕಿದ ದಿನ ಅಪ್ಪ ಒಳಗೆ ಹೋಗಿ ಕಷ್ಟ ಹೆಚ್ಚಿಸುತ್ತಿದ್ದರು. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಇಳಿಸುತ್ತಿದ್ದರು. ಮಳೆಗೆ ಗಿರಾಕಿ ಕಮ್ಮಿ, ಬಂದವನಿಗೆ ಖುಷಿ ಆಗಿ ಮತ್ತೆ ಬರಬೇಕಲ್ಲ. ನೀವು ಆಡಿದ್ದು ರಜೆಯಲ್ಲಿ ತಾನೇ?

ಇನ್ನೊಂದು ವಿಷಯ. ಅಪ್ಪನಿಗೆ ಮುಸ್ತಫಾ ಆಟವೇ ಇಷ್ಟ ಇರಲಿಲ್ಲ. ಚೆನ್ನಾಗಿ ಕಲಿತ ಒಬ್ಬ ಹುಡುಗ ಒಂದು ರೂಪಾಯಿ ಹಾಕಿ ಮುಕ್ಕಾಲು ಗಂಟೆ ಕದಲುತ್ತಿರಲಿಲ್ಲ. ಅವರಿಗೆ ಇಷ್ಟ ಕಿಂಗ್ ಆಫ್ ಫೈಟರ್ಸ್ 97. ಇಬ್ಬರು ಹೊಡೆದಾಡಿದರೆ ಐದು ನಿಮಿಷದೊಳಗೆ ಒಬ್ಬ ಸೋಲಲೇಬೇಕು. ಸೋತವನಿಗೆ ಮರ್ಯಾದೆ ಪ್ರಶ್ನೆ, ಇನ್ನೊಂದು ರೂಪಾಯಿ ಬಿತ್ತು. ಮೆಷಿನ್ ಏನೂ ಮೋಸ ಮಾಡುವುದೇ ಬೇಡ. 1991ರಲ್ಲಿ ಸ್ಟ್ರೀಟ್ ಫೈಟರ್ 2 ಬಂದ ಮೇಲೆ ಪಾರ್ಲರುಗಳ ಲೆಕ್ಕಾಚಾರವೇ ಬದಲಾಯಿತು ಅಂತ ಅಪ್ಪ ಈಗಲೂ ಹೇಳುತ್ತಾರೆ.

ಕೊಟ್ಟಾರದವ
ಭಾನುವಾರ, ರಾತ್ರಿ 10:31

ರಜೆಯಲ್ಲೇ! ಏಪ್ರಿಲ್, ಮೇ. ಶಾಲೆ ಇದ್ದಾಗ ಅಮ್ಮ ಎಲ್ಲಿ ಬಿಡುತ್ತಿದ್ದರು?

ಅಂದರೆ ನಾನು ಒಂದು ಆಟಕ್ಕೆ ಅಲ್ಲ, ಒಂದು ರೀಫಿಲ್ಲಿಗೆ ಸೋತಿದ್ದೆ. ಅಪ್ಪನಿಗೆ ನಮಸ್ಕಾರ ಹೇಳಿ. ನನ್ನ ಬನ್ಸ್ ದುಡ್ಡಿನ ವಿಷಯ ಮುಖತಃ ಮಾತಾಡುವ.

ಹ್ಯಾಂಡ್‌ಹೆಲ್ಡಿನಲ್ಲೂ ಆ ಟೆಸ್ಟ್ ಮೆನು ತೆರೆಯುತ್ತದಾ? ಹುಡುಕಿ ನೋಡುತ್ತೇನೆ.

ಮಣಿಪಾಲ 128
ಸೋಮವಾರ, ಬೆಳಿಗ್ಗೆ 1:48

ನಾನು ಹುಟ್ಟಿದ್ದು 2004ರಲ್ಲಿ. ಕಾಂಟ್ರಾ ಆಡಿದವನಲ್ಲ, ಮುಸ್ತಫಾ ಇವತ್ತು ಕೇಳಿದ್ದು. 'ನಮ್ಮ ನೆನಪಿನ ಆಟ' ಅಂತ ನೀವು ಹೇಳುತ್ತೀರಿ ಅಣ್ಣ. ನನಗೆ ಆ ನೆನಪೇ ಇಲ್ಲ. ಆದರೂ ಸೆಲೆಸ್ಟ್ ನನಗೆ ಯಾಕೆ ಅಷ್ಟು ಇಷ್ಟ?

ಹೇಳುತ್ತೇನೆ. ಸೆಲೆಸ್ಟ್ 2018ರದ್ದು. ಬೆಟ್ಟ ಹತ್ತುವ ಹುಡುಗಿಯ ಕತೆ, ಆದರೆ ಪಕ್ಕಕ್ಕೂ ಹಾರುತ್ತಾಳೆ. (ಮಲ್ಪೆಯವರು ಕ್ಷಮಿಸಬೇಕು.) ನನ್ನ ಸಾವಿನ ಲೆಕ್ಕ ಎರಡು ಸಾವಿರ ದಾಟಿದೆ. ಆಟವೇ ಎಣಿಸಿ ತೋರಿಸುತ್ತದೆ. ಬೇಜಾರಿಲ್ಲ, ಯಾಕೆಂದರೆ ಸತ್ತ ಕೂಡಲೇ ಅದೇ ಕೋಣೆಯ ಬಾಗಿಲಲ್ಲಿ ಮತ್ತೆ ನಿಂತಿರುತ್ತೇನೆ. ಕಣ್ಣಿಗೆ ಕಾಣದ ಇನ್ನೊಂದು ಉಪಕಾರ ಇದೆ. ಅಂಚಿನಿಂದ ಕಾಲು ಜಾರಿದ ಮೇಲೂ ಕೆಲವು ಫ್ರೇಮುಗಳಷ್ಟು (ಪರದೆಯ ಒಂದೊಂದು ಚಿತ್ರಕ್ಕೆ ಫ್ರೇಮ್ ಅನ್ನುತ್ತಾರೆ) ಹೊತ್ತು ಹಾರುವ ಬಟನ್ ಕೆಲಸ ಮಾಡುತ್ತದೆ. ಕೊಯೋಟಿ ಟೈಮ್ ಅಂತ ಅದಕ್ಕೆ ಹೆಸರು. ಹಳೆ ಆಟಗಳಲ್ಲಿ ಒಂದು ಪಿಕ್ಸೆಲ್ ತಪ್ಪಿದರೂ ಹೊಂಡವೇ. ನನ್ನ ಕೈ ಏನು ಮಾಡಲು ಹೊರಟಿತ್ತು ಅಂತ ಈ ಆಟಕ್ಕೆ ಗೊತ್ತಾಗುತ್ತದೆ. ಅದಕ್ಕೂ ನೆನಪಿಗೂ ಸಂಬಂಧ ಇಲ್ಲ ಅನ್ನಿಸುತ್ತದೆ ನನಗೆ.

ಇನ್ನು ಶೊವೆಲ್ ನೈಟ್ 'ಎಂಬತ್ತರ ದಶಕದ್ದು' ಅಂದಿರಿ. ಅದೊಂದು ಚಂದದ ಸುಳ್ಳು. ನಿಮ್ಮ ಅಟ್ಟದ ಡಬ್ಬಿಗೆ ಒಂದೇ ಅಡ್ಡಸಾಲಿನಲ್ಲಿ ಎಂಟಕ್ಕಿಂತ ಜಾಸ್ತಿ ಸ್ಪ್ರೈಟ್ (ಓಡಾಡುವ ಸಣ್ಣ ಚಿತ್ರ) ತೋರಿಸಲಿಕ್ಕೆ ಬರುವುದಿಲ್ಲ. ಒಂಬತ್ತನೆಯದು ಮಾಯ. ಹಾಗಾಗಿ ಪ್ರೋಗ್ರಾಮರುಗಳು ಪ್ರತಿ ಫ್ರೇಮಿಗೆ ಸರದಿ ಬದಲಾಯಿಸುತ್ತಿದ್ದರು, ಒಮ್ಮೆ ಇವ ಕಾಣುವುದು, ಒಮ್ಮೆ ಅವ. ಶತ್ರುಗಳು ಜಾಸ್ತಿಯಾದಾಗ ಎಲ್ಲರೂ ಮಿಣಮಿಣ ಅನ್ನುತ್ತಿದ್ದದ್ದು ನಿಮಗೆ ನೆನಪಿರಬೇಕು. ಶೊವೆಲ್ ನೈಟ್‌ನಲ್ಲಿ ಆ ಮಿಣುಕು ಇಲ್ಲ. ಪರದೆ ಅಗಲ, ಆ ಡಬ್ಬಿಯಲ್ಲಿ ಇಲ್ಲದ ಕೆಲವು ಬಣ್ಣಗಳೂ ಇವೆ. ಸಂಗೀತ ಮಾತ್ರ ಪ್ರಾಮಾಣಿಕ, ಕೊನಾಮಿ ಜಪಾನಿನ ಕ್ಯಾಸೆಟ್ಟುಗಳಲ್ಲಿ ಇಡುತ್ತಿದ್ದ ವಿಆರ್‌ಸಿ6 ಚಿಪ್ಪಿನ ಲೆಕ್ಕದಲ್ಲೇ ಮಾಡಿದ್ದು. ಇದಕ್ಕೆ ಪೂರಾ ಉಲ್ಟಾ ಮೆಗಾಮ್ಯಾನ್ 9. ಕ್ಯಾಪ್‌ಕಾಮ್ ಅದನ್ನು 2008ರಲ್ಲಿ ಹಳೆ ರೂಪದಲ್ಲೇ ತಂದಿತು. ಬೇಕಾದವರು ಆ ಮಿಣುಕನ್ನೂ ಆನ್ ಮಾಡಿಕೊಳ್ಳಬಹುದು. ಕಾಯಿಲೆಯನ್ನೂ ಆಯ್ಕೆಯಾಗಿ ಕೊಟ್ಟರು!

ನಿದ್ದೆ ಬರುತ್ತಿದೆ. ಬೆಳಿಗ್ಗೆ ಇಂಟರ್ನಲ್ಸ್ ಉಂಟು.

ಕದ್ರಿಯ ಡೇವ್
ಸೋಮವಾರ, ಮಧ್ಯಾಹ್ನ 1:15

ಎಲ್ಲರೂ ಪಾರ್ಲರ್ ಪಾರ್ಲರ್ ಅನ್ನುತ್ತಿದ್ದೀರಿ. ನಾನು ಅದರ ಬಾಗಿಲ ಎದುರು ಬಸ್ಸಿಗೆ ಕಾದವಳು, ಒಳಗೆ ಕಾಲಿಟ್ಟವಳಲ್ಲ. ಹುಡುಗಿಯರು ಬರಬಾರದು ಅಂತ ಯಾರೂ ಬೋರ್ಡ್ ಹಾಕಿರಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ. ಹಾಗಾಗಿ ನನ್ನ ರೆಟ್ರೋ ಬೇರೆ.

ನನ್ನದು ಶಾಲೆಯ ಕಂಪ್ಯೂಟರ್ ಲ್ಯಾಬು. ಒಂದು ಕಂಪ್ಯೂಟರಿಗೆ ಮೂವರು, ಚಪ್ಪಲಿ ಹೊರಗೆ. ಇಡೀ ಶಾಲೆಯಲ್ಲಿ ಎಸಿ ಇದ್ದದ್ದು ಆ ಕೋಣೆಗೆ ಮಾತ್ರ, ಹೆಡ್‌ಮಾಸ್ಟರಿಗೂ ಇರಲಿಲ್ಲ. ಟೀಚರ್ ಬೋರ್ಡಿನ ಕಡೆ ತಿರುಗಿದರೆ ಡೇಂಜರಸ್ ಡೇವ್. ಕಪ್ ತೆಗೆಯದೆ ಬಾಗಿಲು ದಾಟಲಿಕ್ಕೆ ಆಗುವುದಿಲ್ಲ, ನನ್ನ ಹೆಸರು ಅಲ್ಲಿಂದಲೇ. ಅದು ಬೇಜಾರಾದರೆ ಪ್ರಿನ್ಸ್ ಆಫ್ ಪರ್ಷಿಯಾ. ಆಟದಲ್ಲಿ ರಾಜಕುಮಾರಿಯನ್ನು ಬಿಡಿಸಲಿಕ್ಕೆ 60 ನಿಮಿಷ ಸಮಯ. ನಮ್ಮ ಪೀರಿಯಡ್ 40 ನಿಮಿಷ. ಅದರಲ್ಲಿ ಹತ್ತು ನಿಮಿಷ ಪಾಠ. ಸೇವ್ ಮಾಡಬಹುದು ಅಂತ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ. ಮುಸ್ತಫಾ ನಿಮ್ಮ ಕಾಯಿನ್ ತಿಂದ, ಪ್ರಿನ್ಸ್ ನಮ್ಮ ಪೀರಿಯಡ್ ತಿಂದ.

ಈಗ ನಾನೂ ಸಾಫ್ಟ್‌ವೇರ್ ಕೆಲಸದವಳು. ಆ ಆಟ ಮಾಡಿದ ಬಗೆ ಓದಿದಾಗ ಕೈ ಮುಗಿಯಬೇಕು ಅನ್ನಿಸಿತು. ಜೋರ್ಡಾನ್ ಮೆಕ್ನರ್ ತನ್ನ ತಮ್ಮ ಓಡುವುದನ್ನು, ಹಾರುವುದನ್ನು ವಿಡಿಯೋ ಮಾಡಿ, ಅದನ್ನು ಒಂದೊಂದೇ ಚಿತ್ರವಾಗಿ ನೋಡಿ ರಾಜಕುಮಾರನನ್ನು ಬರೆದದ್ದು. ಆ ಚಿತ್ರಗಳಿಗೇ ಆ್ಯಪಲ್ 2 ಕಂಪ್ಯೂಟರಿನ ಮೆಮೊರಿ ಖಾಲಿ. ಎದುರಾಳಿ ಬೇಕು, ಆದರೆ ಅವನನ್ನು ಇಡಲಿಕ್ಕೆ ಜಾಗ ಇಲ್ಲ. ಆಗ ರಾಜಕುಮಾರನ ಚಿತ್ರವನ್ನೇ ಒಂದು ಬಿಟ್ ಸರಿಸಿ, ಅದರ ಮೇಲೇ ಕೂರಿಸಿದರು. ಮೈಯೆಲ್ಲ ಮಿನುಗುವ ಒಂದು ನೆರಳು ಬಂತು. ಕನ್ನಡಿಯಿಂದ ಹೊರಗೆ ಬರುವ ಆ ನೆರಳು ನೆನಪಿದೆಯಾ? ಕೊನೆಯಲ್ಲಿ ಅದು ಕತ್ತಿ ಹಿಡಿದು ನಿಂತಾಗ ಹೊಡೆದರೆ ನಾವೇ ಸಾಯುತ್ತೇವೆ. ಕತ್ತಿ ಒಳಗಿಡಬೇಕು. ಇಡೀ ಆಟದಲ್ಲಿ ನನಗೆ ಅತಿ ಇಷ್ಟವಾದ ಜಾಗ ಅದು, ಹುಟ್ಟಿದ್ದು ಮೆಮೊರಿ ಸಾಲದೆ.

ಈಗ ಹೇಳಿ. ಈಗಿನ ರೆಟ್ರೋ ಮಾಡುವವರಿಗೆ ಯಾವ ಬರವೂ ಇಲ್ಲ. ಬರದ ನಾಟಕ ಮಾಡುತ್ತಾರೆ. ನಿಜವಾದ ಬರದಲ್ಲಿ ಹುಟ್ಟಿದಂಥ ಐಡಿಯಾ ನಾಟಕದಲ್ಲಿ ಹುಟ್ಟುತ್ತದಾ?

ಆಗುಂಬೆ ಮಂಜು
ಸೋಮವಾರ, ಸಂಜೆ 6:40

ನನಗೆ ಈಗ 34. ನಿಮ್ಮ 8 ಬಿಟ್ ಡಬ್ಬಿಯೂ ಗೊತ್ತಿಲ್ಲ, ಲ್ಯಾಬಿನ ಡಾಸ್ ಆಟಗಳೂ ಗೊತ್ತಿಲ್ಲ. ನನ್ನ ರೆಟ್ರೋ ಮೊದಲ ಪ್ಲೇಸ್ಟೇಷನ್. ಗೋಡೆಗಳು ನೀರಿನೊಳಗೆ ಇದ್ದ ಹಾಗೆ ಅಲುಗಾಡುತ್ತಿದ್ದವಲ್ಲ, ಅದು. ಮೂಲೆಗಳನ್ನು ಪೂರ್ಣ ಪಿಕ್ಸೆಲ್ಲಿಗೆ ಮಾತ್ರ ಕೂರಿಸಲಿಕ್ಕೆ ಆ ಡಬ್ಬಿಗೆ ಬರುತ್ತಿದ್ದದ್ದು, ಹಾಗಾಗಿ ಕ್ಯಾಮೆರಾ ಸರಿದಾಗ ಎಲ್ಲವೂ ಟಕ್ಕಂತ ಜಿಗಿಯುತ್ತಿತ್ತು. 1999ರ ಸೈಲೆಂಟ್ ಹಿಲ್‌ನಲ್ಲಿ ದೂರದ್ದನ್ನು ಬರೆಯಲು ಶಕ್ತಿ ಸಾಲದೆ ಇಡೀ ಊರಿಗೆ ಮಂಜು ಹೊದಿಸಿದರು. ಜುಲೈಯಲ್ಲಿ ಆಗುಂಬೆ ಘಾಟಿ ಬಸ್ಸಲ್ಲಿ ಹತ್ತಿದವರಿಗೆ ಆ ಹೆದರಿಕೆ ಗೊತ್ತು. ತಿರುವಿನ ಆಚೆ ಏನಿದೆ ಅಂತ ಡ್ರೈವರಿಗೂ ಕಾಣುವುದಿಲ್ಲ.

ಈಗ ಸಿಗ್ನಲಿಸ್, ಕ್ರೋ ಕಂಟ್ರಿ ಅಂತ ಆಟಗಳು ಬಂದಿವೆ, ಅದೇ ಒರಟು ರೂಪ. ಕದ್ರಿ ಅಕ್ಕನ ಪ್ರಶ್ನೆಗೆ ನನ್ನ ಉತ್ತರ: ನಾಟಕವಾದರೂ ಹೆದರಿಕೆ ನಿಜ. ಬೆಳಿಗ್ಗೆ ವೇಷ ಕಳಚುತ್ತಾರೆ ಅಂತ ಗೊತ್ತಿದ್ದೂ ರಾತ್ರಿ ಯಕ್ಷಗಾನದ ಮಹಿಷಾಸುರ ಸಭೆಯ ನಡುವಿನಿಂದ ಬರುವಾಗ ಮಕ್ಕಳು ಅಜ್ಜಿಯ ಸೆರಗು ಹಿಡಿಯುವುದಿಲ್ಲವಾ?

ನಿರ್ವಾಹಕ
ಸೋಮವಾರ, ಸಂಜೆ 7:02

ರಾಮ್ ಫೈಲ್ (ಕ್ಯಾಸೆಟ್ಟಿನ ಆಟದ ನಕಲು) ಎಲ್ಲಿ ಸಿಗುತ್ತದೆ ಅಂತ ನಾಲ್ಕು ಜನ ಕೇಳಿದ್ದಾರೆ. ಅಳಿಸಿದ್ದೇನೆ. ಇಲ್ಲಿ ಲಿಂಕ್ ಹಾಕುವಂತಿಲ್ಲ. ರಾಮ ಬೇಕಾದವರು ಭಜನೆಗೆ ಹೋಗಿ.

ಸೋಲ್ಡರಿಂಗ್ ಕಾರ್ಕಳ
ಸೋಮವಾರ, ರಾತ್ರಿ 8:55

ನಾನು ಆಟಗಾರ ಅಲ್ಲ, ಟಿವಿ ರಿಪೇರಿಯವ. ಮಗ ಈ ಚರ್ಚೆ ತೋರಿಸಿದ. ಕೊಟ್ಟಾರದವರ ಡಬ್ಬಿ ಬದುಕಬಹುದು, ಎಸೆಯಬೇಡಿ.

ಮೊದಲು ಊದುವುದನ್ನು ಬಿಡಿ. ಬಾಯಿಯ ತೇವ ಪಿನ್ನಿಗೆ ತಾಗಿದರೆ ಕಿಲುಬು ಇನ್ನೂ ಜಾಸ್ತಿ ಆಗುತ್ತದೆ. ಆ ಕಾಲದಲ್ಲಿ ಊದಿದಾಗ ಸರಿಯಾಗುತ್ತಿತ್ತು ಅಂದರೆ ಅದು ಊದಿದ್ದಕ್ಕಲ್ಲ, ತೆಗೆದು ಮತ್ತೆ ಹಾಕಿದ್ದಕ್ಕೆ. ಪಿನ್ ಸ್ವಲ್ಪ ಉಜ್ಜಿ ಹೊಸ ಜಾಗದಲ್ಲಿ ಕೂರುತ್ತದೆ. ಪೆನ್ಸಿಲ್ ರಬ್ಬರ್ ತೆಗೆದುಕೊಳ್ಳಿ, ಕ್ಯಾಸೆಟ್ಟಿನ ಪಿನ್ನುಗಳನ್ನು ಮೆಲ್ಲಗೆ ಉಜ್ಜಿ. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಒಣಗಲು ಬಿಡಿ. ಸ್ಯಾಂಡ್ ಪೇಪರ್ ಬೇಡವೇ ಬೇಡ, ಮೇಲಿನ ಲೇಪ ಹೋದರೆ ಮುಗಿಯಿತು. ಹಳೆ ಅಡಾಪ್ಟರ್ ಹಾಕುವ ಮೊದಲು ವೋಲ್ಟೇಜ್ ನೋಡಿ. ಇಡುವಾಗ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ನಮ್ಮ ಊರಿನ ಗಾಳಿಗೆ ಅದೊಂದೇ ಮದ್ದು.

ಬಂದೂಕಿನ ವಿಷಯ. ಅದು ಗುಂಡು ಹೊಡೆಯುವುದಿಲ್ಲ, ನೋಡುತ್ತದೆ. ಡಕ್ ಹಂಟ್ ಆಟದಲ್ಲಿ ಕುದುರೆ ಎಳೆದ ಕೂಡಲೇ ಪರದೆ ಒಂದು ಕ್ಷಣ ಪೂರಾ ಕಪ್ಪು, ಆಮೇಲೆ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ. ಬಂದೂಕಿನ ಮೂತಿಯ ಸೆನ್ಸರಿಗೆ ಆ ಬೆಳಕು ಬಿದ್ದರೆ ಗುರಿ ಸರಿ. ಡಬ್ಬಾ ಟಿವಿ ಸಿಗ್ನಲ್ ಬಂದ ಹಾಗೇ ಬರೆಯುತ್ತಾ ಹೋಗುತ್ತದೆ. ಎಲ್‌ಸಿಡಿ ತಡ ಮಾಡುತ್ತದೆ. ಬೆಳಕು ಬರುವಾಗ ಬಂದೂಕು ನೋಡುವುದನ್ನು ನಿಲ್ಲಿಸಿಯಾಗಿರುತ್ತದೆ. ಹಾಗಾಗಿ ಡಕ್ ಹಂಟ್‌ಗೆ ಡಬ್ಬಾ ಟಿವಿಯೇ ಬೇಕು.

ಪಿಕ್ಸೆಲ್ ಚೌಕ ಚೌಕ ಅನ್ನುತ್ತೀರಿ. ನಾನು ನೂರಾರು ಟಿವಿಯಲ್ಲಿ ಈ ಆಟಗಳನ್ನು ನೋಡಿದ್ದೇನೆ, ಇಷ್ಟು ಚೂಪಾದ ಚೌಕ ಯಾವತ್ತೂ ಕಂಡಿಲ್ಲ. ಡಬ್ಬಾ ಟಿವಿಯಲ್ಲಿ ಅಂಚು ಕರಗುತ್ತದೆ. ಅದನ್ನು ತಿಳಿದೇ ಚಿತ್ರ ಬರೆಯುತ್ತಿದ್ದರು. 1991ರ ಸೋನಿಕ್‌ನ ಜಲಪಾತ ಮಗ ಮೊಬೈಲಲ್ಲಿ ತೋರಿಸಿದ, ಉದ್ದುದ್ದ ಗೆರೆ ಎಳೆದ ಹಾಗಿದೆ. ಅದೇ ಆಟವನ್ನು ಹಳದಿ ಪಿನ್ನಿನ ವಯರ್ ಹಾಕಿ ಅಂಗಡಿಯ ಟಿವಿಗೆ ಕೊಟ್ಟೆ. ಗೆರೆಗಳು ಒಂದಕ್ಕೊಂದು ಬೆರೆತು ಹಿಂದಿನ ಬಂಡೆ ಕಾಣುವ ನೀರು ಆಯಿತು. ಮಗ ಅಷ್ಟು ಹೊತ್ತು ಮೊಬೈಲ್ ಕೆಳಗಿಟ್ಟದ್ದು ನಾನು ನೋಡಿದ್ದು ಅವತ್ತೇ.

ಡಬ್ಬಾ ಟಿವಿಯನ್ನು ನೀವೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಶಾಕ್ ಇರುತ್ತದೆ.

ಮಣಿಪಾಲ 128
ಮಂಗಳವಾರ, ಬೆಳಿಗ್ಗೆ 12:30

ಇಂಟರ್ನಲ್ಸ್ ಬಗ್ಗೆ ಕೇಳಬೇಡಿ.

ಕದ್ರಿ ಅಕ್ಕ, ನಿಮ್ಮ ಪ್ರಶ್ನೆ ಇಡೀ ದಿನ ತಲೆಯಲ್ಲಿ ಇತ್ತು. ಸ್ಪೇಸ್ ಇನ್ವೇಡರ್ಸ್ ಕೂಡ ಬರದ್ದೇ ಕೂಸು. 1978ರ ಆ ಪ್ರೊಸೆಸರಿಗೆ ಅಷ್ಟು ಶತ್ರುಗಳನ್ನು ಬೇಗ ಬೇಗ ಬರೆಯಲಿಕ್ಕೆ ಆಗುತ್ತಿರಲಿಲ್ಲ. ನಾವು ಕೊಂದ ಹಾಗೆ ಕೆಲಸ ಕಮ್ಮಿಯಾಗಿ ಉಳಿದವರು ತಾನಾಗೇ ಓಡತೊಡಗಿದರು. ಆ ವೇಗವೇ ಆಟದ ಜೀವ. ಹಾಗಾಗಿ ನೀವು ಹೇಳಿದ್ದು ಒಪ್ಪಿದೆ, ಬಣ್ಣ ಬಳಿದರೆ ಸಾಲದು.

ಆದರೆ ಬರವನ್ನು ಕೈಯಾರೆ ಕಟ್ಟಿಕೊಂಡವರೂ ಇದ್ದಾರೆ. ನನ್ನ ಹೆಸರಿನ 128 ಅದೇ. ಪಿಕೋ-8 ಅಂತ ಒಂದು ಇದೆ, ಯಾವತ್ತೂ ಇರದಿದ್ದ ಒಂದು ಕಾಲ್ಪನಿಕ ಕನ್ಸೋಲ್. ಪರದೆ 128ಕ್ಕೆ 128 ಪಿಕ್ಸೆಲ್, 16 ಬಣ್ಣ, ಇಡೀ ಆಟ 32 ಕಿಲೋಬೈಟಿನ ಕ್ಯಾಸೆಟ್ಟಿನಲ್ಲಿ ಹಿಡಿಯಬೇಕು. ಮೀರಿದರೆ ಸುಮ್ನೆ ಓಡುವುದಿಲ್ಲ. ಅದು ನಾಟಕ ಅಲ್ಲ, ನಿಜವಾದ ಗೋಡೆ. ಸೆಲೆಸ್ಟ್ ಮೊದಲು ಹುಟ್ಟಿದ್ದೂ ಅದರಲ್ಲೇ, ಇಬ್ಬರು ಸೇರಿ ನಾಲ್ಕು ದಿನದಲ್ಲಿ ಮಾಡಿದ ಸಣ್ಣ ಆಟ.

ನಾನು ಅದರಲ್ಲಿ ಕಂಬಳ ಮಾಡುತ್ತಿದ್ದೇನೆ. ನಗಬೇಡಿ. ಎರಡು ಕೋಣ, ಒಬ್ಬ ಓಟಗಾರ, ಎಡ ಬಲ ಬಟನ್ ಒಂದಾದ ಮೇಲೊಂದು ಒತ್ತಿದರೆ ಓಟ. 1983ರ ಕೊನಾಮಿಯ ಟ್ರ್ಯಾಕ್ ಆ್ಯಂಡ್ ಫೀಲ್ಡ್ ಇದ್ದ ಹಾಗೆ. ಓಟಗಾರ ಹಲಗೆಯ ಮೇಲೆ ನಿಂತು ನೀರು ಚಿಮ್ಮಿಸುವ ಕನೆ ಹಲಗೆ ವಿಭಾಗ ಕೂಡ ಇದೆ. ಅಲ್ಲಿ ಮೊದಲು ಮುಟ್ಟಿದರೆ ಸಾಲದು, ನೀರು ಆರೂವರೆ ಕೋಲು ಎತ್ತರದ ನಿಶಾನೆಗೆ ಚಿಮ್ಮಬೇಕು, ಆಮೇಲೆ ಏಳೂವರೆ. ನೀರಿನ ಹನಿಗಳು ಚೆನ್ನಾಗಿ ಬಂದಿವೆ. ತೊಂದರೆ ಬಣ್ಣದ್ದು. ಕೆಸರಿಗೆ ಕಂದು, ಕೋಣಕ್ಕೆ ಕಪ್ಪು. ಕೆಸರು ಮೆತ್ತಿದ ಕೋಣಕ್ಕೆ ಯಾವುದು? ಅರ್ಧ ಕರೆ (ಕೆಸರಿನ ಓಟದ ದಾರಿ) ಓಡುವಷ್ಟರಲ್ಲಿ ಕೋಣ ಕಾಣಿಸುವುದೇ ಇಲ್ಲ.

ಪಾರ್ಲರ್ ಮನೆಯವ
ಮಂಗಳವಾರ, ಬೆಳಿಗ್ಗೆ 8:10

ಬಟನ್ ಜಜ್ಜುವ ಆಟ ಬೇಡ ಮಾರಾಯ. ಅಂಥ ಆಟ ಇಟ್ಟರೆ ಹುಡುಗರು ಸ್ಟೀಲ್ ಸ್ಕೇಲ್ ತಂದು ಬಟನ್ ಮೇಲೆ ಗರಗರ ಉಜ್ಜುತ್ತಾರೆ, ವಾರಕ್ಕೊಂದು ಬಟನ್ ಹೋಗುತ್ತದೆ. ಕಂಬಳದಲ್ಲಿ ಓಡುವವ ಕೋಣದ ಹೆಜ್ಜೆಗೆ ಹೆಜ್ಜೆ ಸೇರಿಸದಿದ್ದರೆ ಮುಗ್ಗರಿಸಿ ಬೀಳುತ್ತಾನೆ. ತಾಳ ತಪ್ಪಿದರೆ ಬೀಳುವ ಹಾಗೆ ಮಾಡು. ಆಗ ಸ್ಕೇಲಿನವನೇ ಮೊದಲು ಕೆಸರಿಗೆ.

ಕದ್ರಿಯ ಡೇವ್
ಮಂಗಳವಾರ, ಬೆಳಿಗ್ಗೆ 9:30

ಕೋಣಕ್ಕೆ ಬಣ್ಣ ಹುಡುಕಬೇಡ. ಕೆಸರು ಮೆತ್ತಿದ ಮೇಲೆ ಮೈ ಬಿಟ್ಟುಬಿಡು. ಕೊಂಬು, ಹಣೆಯ ಮೇಲಿನ ಅಲಂಕಾರ, ಎರಡು ಬಿಳಿ ಕಣ್ಣು ಇಷ್ಟೇ ಓಡಲಿ. 128 ಪಿಕ್ಸೆಲ್ಲಿನಲ್ಲಿ ಅದೇ ಜಾಸ್ತಿ ಕೋಣದ ಹಾಗೆ ಕಾಣುತ್ತದೆ. ನೆರಳಿನ ರಾಜಕುಮಾರನಿಗೆ ಮೆಕ್ನರ್ ಮಾಡಿದ್ದೂ ಹೆಚ್ಚುಕಮ್ಮಿ ಇಂಥದ್ದೇ ಜುಗಾಡ್. ನನ್ನ ಪ್ರಶ್ನೆಗೆ ಉತ್ತರ ನೀನೇ ಕೊಡುತ್ತಿದ್ದೀಯ ಅಂತ ಕಾಣುತ್ತದೆ.

ಮಲ್ಪೆ ಬೋಟು
ಮಂಗಳವಾರ, ಬೆಳಿಗ್ಗೆ 9:41

ಕೋಣ ಪಕ್ಕಕ್ಕೆ ಹಾರುತ್ತದಾ?

ಕೊಟ್ಟಾರದವ
ಬುಧವಾರ, ರಾತ್ರಿ 10:20

ಮೂರು ಸುದ್ದಿ.

ಒಂದು, ರಬ್ಬರ್ ಕೆಲಸ ಮಾಡಿತು! ಎರಡು ಕ್ಯಾಸೆಟ್ ಬಂತು, ಒಂದು ಇನ್ನೂ ಬೂದು. ಆದರೆ ನಮ್ಮ ಹೊಸ ಟಿವಿಯಲ್ಲಿ ಮಾರಿಯೋ ನಾನು ಒತ್ತಿದ ಮೇಲೆ ಯೋಚನೆ ಮಾಡಿ ಹಾರುತ್ತಾನೆ. ಮೊದಲ ಹೊಂಡಕ್ಕೇ ಬಿದ್ದ. ಬಂದೂಕಿನದ್ದು ಕಾರ್ಕಳದವರು ಹೇಳಿದ ಹಾಗೇ ಆಯಿತು. ಹೊಡೆದದ್ದೆಲ್ಲ ಖಾಲಿ. ಪ್ರತಿ ಸಲ ಡಕ್ ಹಂಟ್‌ನ ಆ ನಾಯಿ ಹುಲ್ಲಿನಿಂದ ಎದ್ದು ನಗುತ್ತದೆ, ಮಗಳೂ ಅದರ ಜೊತೆ ಸೇರಿ ನಗುತ್ತಾಳೆ.

ಎರಡು, ಮುಸ್ತಫಾದ ಟೆಸ್ಟ್ ಮೆನು ಸಿಕ್ಕಿತು. ನನ್ನ ಹ್ಯಾಂಡ್‌ಹೆಲ್ಡಿಗೆ ಆಟ ಹಾಕಿಕೊಟ್ಟವರು ಯಾರೋ ಕಷ್ಟವನ್ನು ತುದಿಗೆ ಏರಿಸಿಟ್ಟಿದ್ದರು. ಯಾರ ಅಪ್ಪನೋ ಏನೋ. ಕೆಳಗೆ ಇಳಿಸಿ ಆಡಿದೆ, 7 ಕಾಯಿನ್. ಆ ಕಟುಕ ಒಂದೇ ಕಾಯಿನ್ನಿಗೆ ಮಲಗಿದ. ಖುಷಿ ಆಯಿತು, ಆದರೆ ಸ್ವಲ್ಪ ಸಪ್ಪೆ ಕೂಡ. ನಿನ್ನೆ ಒಂದು ಮಟ್ಟ ಮೇಲೆ ಮಾಡಿದೆ, ಇವತ್ತು ಇನ್ನೊಂದು. ಕಿಸೆಗೆ ಕೈ ಹಾಕುವ ಮೆಷಿನ್ ಅಂದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಅದರ ಏಟುಗಳಿಗೆ ಒಂದು ಲಯ ಇದೆ, ಶೊವೆಲ್ ನೈಟ್‌ನಲ್ಲಿ ನನಗೆ ಸಿಗದ ಲಯ. 31 ಕಾಯಿನ್ನಿನಲ್ಲಿ ಅದು ಕೇಳಿಸಿರಲಿಲ್ಲ.

ಐಸ್ ಕ್ಲೈಂಬರ್ ವಿಷಯದಲ್ಲಿ ಮಾತು ಬದಲಿಲ್ಲ.

ಮೂರು, ಕಾರ್ಕಳದವರೇ, ನಿಮ್ಮ ಅಂಗಡಿಯಲ್ಲಿ ಡಬ್ಬಾ ಟಿವಿ ಇನ್ನೂ ಉಂಟಾ? ಡಬ್ಬಿ, ಬಂದೂಕು ಹಿಡಿದು ಭಾನುವಾರ ಬರಬಹುದಾ? ಮಣಿಪಾಲದ ಹುಡುಗ ಬಂದರೆ ಕಂಬಳವನ್ನೂ ಅದರಲ್ಲೇ ನೋಡುವ. ಅಂಚು ಕರಗಿದರೆ ಕೋಣ ಕಂಡರೂ ಕಂಡೀತು.

ಮಣಿಪಾಲ 128
ಬುಧವಾರ, ರಾತ್ರಿ 10:26

ಬರುತ್ತೇನೆ ಅಣ್ಣ. ಕೊಂಬು, ಕಣ್ಣು ಮಾತ್ರ ಓಡುವ ಹಾಗೆ ಮಾಡಿದ್ದೇನೆ. ತಾಳ ತಪ್ಪಿದರೆ ಬೀಳುತ್ತಾನೆ. ಈಗ ನನಗೇ ಒಂದು ಸಲವೂ ಮಂಜೊಟ್ಟಿ (ಕರೆಯ ಕೊನೆ) ಮುಟ್ಟಲಿಕ್ಕೆ ಆಗುತ್ತಿಲ್ಲ, ಒಂದು ಕೋಡ್ ಇಡಬೇಕು.

ಮಲ್ಪೆ ಬೋಟು
ಬುಧವಾರ, ರಾತ್ರಿ 10:30

ನಾನೂ ಬರುತ್ತೇನೆ. ಐಸ್ ಕ್ಲೈಂಬರ್ ಕ್ಯಾಸೆಟ್ ನನ್ನ ಹತ್ತಿರ ಉಂಟು.

ಸೋಲ್ಡರಿಂಗ್ ಕಾರ್ಕಳ
ಗುರುವಾರ, ಬೆಳಿಗ್ಗೆ 7:05

21 ಇಂಚಿನದ್ದು ಒಂದು ಉಂಟು, ಬಣ್ಣ ಚೆನ್ನಾಗಿದೆ. ಮೂರು ಗಂಟೆ ಮೇಲೆ ಬನ್ನಿ. ಈಗ ದಿನಾ ಸಂಜೆ ಗುಡುಗು, ಸಿಡಿಲು. ಶುರುವಾದರೆ ನಾನು ಟಿವಿಯ ಪ್ಲಗ್ ತೆಗೆದಿಡುತ್ತೇನೆ, ಆಮೇಲೆ ಯಾರು ಹೇಳಿದರೂ ಹಾಕುವುದಿಲ್ಲ. ಹೊರಡುವ ಮೊದಲು ಮೋಡ ನೋಡಿ.